ಮನೆ ಎಲ್ಲಿ ಎಂದು ಬರೆದಿಟ್ಟದ್ದು

ಫೆಬ್ರವರಿ ತಿಂಗಳ ಎರಡನೆಯ ಶನಿವಾರ, ಬೆಳಿಗ್ಗೆ ಒಂಬತ್ತು ಗಂಟೆ. ಸ್ಥಳ: ಮೂಡುಬಿದಿರೆಯಲ್ಲಿ ನನ್ನ ಬಾಡಿಗೆ ಮನೆಯ ಊಟದ ಮೇಜು. ಹಾಜರಿದ್ದವರು: ನಾನು, ಮತ್ತು ಇದೇ ಊರಿನ ಕಾಲೇಜೊಂದರಲ್ಲಿ ರಾಜ್ಯಶಾಸ್ತ್ರ ಕಲಿಸುವ ನನ್ನ ಹಳೆಯ ವಿದ್ಯಾರ್ಥಿನಿ. ಮೇಜಿನ ಮೇಲೆ ಅವಳ ಲ್ಯಾಪ್‌ಟಾಪ್, ನನ್ನ ಹದಿನಾಲ್ಕು ಟಿಪ್ಪಣಿ ಪುಸ್ತಕಗಳು, ಎರಡು ಲೋಟ ಚಹಾ.

ಹೀಗೆ ಶುರುಮಾಡುವುದು ನನ್ನ ಕಸುಬಿನ ಅಭ್ಯಾಸ. ಕಸುಬಿಗಿಂತ ಮೊದಲೇ ಬಂದ ಅಭ್ಯಾಸ ಎಂದರೂ ಸರಿ. ಬಂಟ್ವಾಳದ ಹತ್ತಿರ ಸಿಸ್ಟರುಗಳು ನಡೆಸುತ್ತಿದ್ದ ಬೋರ್ಡಿಂಗಿನಲ್ಲಿ ನಾನು ಏಳು ವರ್ಷ ಇದ್ದೆ. ಐದಕ್ಕೆ ಗಂಟೆ, ಐದೂಕಾಲಿಗೆ ಸ್ನಾನ, ಆರರವರೆಗೆ ಓದು. ಹಾಸಿಗೆ ಮಡಚದವಳ ಹೆಸರು ಕಪ್ಪು ಹಲಗೆಗೆ ಹೋಗುತ್ತಿತ್ತು. ನನ್ನ ಹೆಸರು ಒಮ್ಮೆಯೂ ಹೋಗಲಿಲ್ಲ. ಬೆಳ್ತಂಗಡಿಯ ತಾಲೂಕು ಕಚೇರಿಯಲ್ಲಿ ಗುಮಾಸ್ತರಾಗಿದ್ದ ನನ್ನ ತಂದೆಗೆ ಇದು ದೊಡ್ಡ ಸಂಗತಿಯಾಗಿತ್ತು.

ಮುಂದೆ ದೆಹಲಿಯಲ್ಲಿ ಸಂಶೋಧನೆಗೆ ಸೇರಿದೆ. ವಿಷಯ ಅಂತರರಾಷ್ಟ್ರೀಯ ಸಂಬಂಧಗಳು. ಅದರೊಳಗೆ, ಹೊಸದಾಗಿ ಪ್ರಜಾಪ್ರಭುತ್ವಕ್ಕೆ ಬರುತ್ತಿರುವ ದೇಶಗಳು. ಆಮೇಲೆ ಮೂಡುಬಿದಿರೆಗೆ ಬಂದು ಪಾಠ ಹೇಳುತ್ತಾ ಉಳಿದೆ. ಬೀದರಿನಿಂದ, ಹಾವೇರಿಯಿಂದ ಬಂದ ಮಕ್ಕಳಿಗೆ ವಿದೇಶಾಂಗ ನೀತಿ ಕಲಿಸಿದೆ. ಬೇಸಿಗೆ ರಜೆ ಬಂತೆಂದರೆ ಒಂದು ಪೆಟ್ಟಿಗೆ ಹಿಡಿದು ನನ್ನ ದೇಶಕ್ಕೆ ಹೋಗುತ್ತಿದ್ದೆ. ನನ್ನ ದೇಶ ಎಂದರೆ ನಾನು ಅಧ್ಯಯನಕ್ಕೆ ಆರಿಸಿಕೊಂಡದ್ದು. ಸೇನೆಯ ಆಳ್ವಿಕೆಯಿಂದ ಆಗಷ್ಟೇ ಹೊರಬಂದು ಚುನಾವಣೆ ನಡೆಸಲು ಕಲಿಯುತ್ತಿದ್ದ ಒಂದು ದೇಶ. ಅದರ ಹೆಸರು ಬರೆಯುವುದಿಲ್ಲ. ಯಾಕೆಂದು ಇದನ್ನು ಓದಿ ಮುಗಿಸುವಾಗ ತಿಳಿಯುತ್ತದೆ.

ಟಿಪ್ಪಣಿ ಪುಸ್ತಕಗಳನ್ನು ಮೆಲ್ಕಾರಿನ ಒಂದು ಅಂಗಡಿಯಿಂದಲೇ ತರುತ್ತಿದ್ದೆ. ಉದ್ದನೆಯ, ರಟ್ಟು ಕಟ್ಟಿದ, ನೂರು ಹಾಳೆಯ ಪುಸ್ತಕ. ಅಂಗಡಿ ನಡೆಸುತ್ತಿದ್ದ ಬ್ಯಾರಿಗಳು ಪ್ರತಿ ಮೇ ತಿಂಗಳಲ್ಲೂ ಒಂದೇ ಮಾತು ಕೇಳುತ್ತಿದ್ದರು: "ಎಂತ ಟೀಚರೇ, ಈ ಸಲ ಯಾವ ಸರಕಾರ ಬೀಳಿಸಿ ಬರ್ತೀರಿ?" ನಾನು ಬೀಳಿಸುವವಳಲ್ಲ, ನಿಲ್ಲುವುದನ್ನು ನೋಡುವವಳು ಎಂದು ಹೇಳಿ ಪುಸ್ತಕ ತೆಗೆದುಕೊಳ್ಳುತ್ತಿದ್ದೆ. ಹದಿನಾಲ್ಕು ಬೇಸಿಗೆ ಹಾಗೆ ಹೋದೆ. ಒಂದು ಗ್ರಂಥ ಬರೆದೆ. ಅದರ ಕೊನೆಯ ಅಧ್ಯಾಯದಲ್ಲಿ, ಈ ದೇಶ ಹಿಂದಕ್ಕೆ ಹೋಗುವ ಸಾಧ್ಯತೆ ಕಡಿಮೆ ಎಂದು ಬರೆದೆ. ಆ ವಾಕ್ಯಕ್ಕೆ ದೆಹಲಿಯ ಎರಡು ವಿಚಾರಗೋಷ್ಠಿಗಳಲ್ಲಿ ಮೆಚ್ಚುಗೆ ಸಿಕ್ಕಿತು. ನಾನು ನಿವೃತ್ತಳಾದ ಮರುವರ್ಷ ಸೇನೆ ತಿರುಗಿ ಬಂತು.

ಸೇನೆ ಬಂದ ಕೆಲವೇ ತಿಂಗಳಲ್ಲಿ ಅಲ್ಲಿನ ಒಬ್ಬ ಶಾಲಾ ಮಾಸ್ತರರನ್ನು ಮನೆಯಿಂದ ಕರೆದುಕೊಂಡು ಹೋದರು. ನನ್ನ ಗ್ರಂಥದ ಮೂರನೆಯ ಅಧ್ಯಾಯ ಪೂರ್ತಿ ಅವರದ್ದೇ. ಸಣ್ಣ ಪಟ್ಟಣದ ಶಾಲೆಯಲ್ಲಿ ಗಣಿತ ಹೇಳುತ್ತಿದ್ದವರು. ಮೊದಲ ಚುನಾವಣೆಗೆ ಮುಂಚೆ ಮುದುಕಿಯರನ್ನು ಕೂರಿಸಿ, ಹಳೆಯ ಪತ್ರಿಕೆಯ ಚೂರುಗಳಲ್ಲಿ ಮತಪತ್ರ ಮಡಚಲು ಕಲಿಸುತ್ತಿದ್ದರು. ಮೊದಲು ಉದ್ದಕ್ಕೆ, ಆಮೇಲೆ ಅಡ್ಡಕ್ಕೆ. ಇಲ್ಲದಿದ್ದರೆ ಮುದ್ರೆಯ ಶಾಯಿ ಇನ್ನೊಂದು ಚಿಹ್ನೆಗೆ ಹತ್ತಿ ಮತ ಕೆಡುತ್ತದೆ. ನಾನು ಬೆಳ್ತಂಗಡಿ ತಾಲೂಕಿನಲ್ಲಿ ಪಂಚಾಯತ್ ಚುನಾವಣೆಯ ಡ್ಯೂಟಿ ಮಾಡಿದವಳು. ನಮ್ಮಲ್ಲಿ ಹೇಗೆ ಮಡಚುತ್ತೇವೆಂದು ಅವರಿಗೆ ತೋರಿಸಿದೆ. ಎರಡೂ ಒಂದೇ ಎಂದು ಗೊತ್ತಾದಾಗ ಅವರಿಗೆ ಆದ ಸಂತೋಷ ಹೇಳತೀರದು. ಅವರು ಹಿಂತಿರುಗಲಿಲ್ಲ. ದೇಹವನ್ನೂ ಮನೆಯವರಿಗೆ ಕೊಡಲಿಲ್ಲ.

ಈ ಸುದ್ದಿ ನನಗೆ ತಿಳಿಸಿದವರು ನನ್ನ ದುಭಾಷಿ. ಹದಿನಾಲ್ಕು ಬೇಸಿಗೆಯೂ ನನ್ನ ಪಕ್ಕದಲ್ಲಿ ಕೂತು, ಅಲ್ಲಿನವರ ಮಾತನ್ನು ನನಗೆ, ನನ್ನ ಮಾತನ್ನು ಅವರಿಗೆ ದಾಟಿಸಿದ ಹೆಂಗಸು. ಅಲ್ಲಿ ನಾನು ಇಳಿದುಕೊಳ್ಳುತ್ತಿದ್ದದ್ದು ಅವರ ಮನೆಯಲ್ಲಿಯೇ. ಅವರು ಈಗಲೂ ಅದೇ ಮನೆಯಲ್ಲಿದ್ದಾರೆ. ಮನೆ ಬದಲಿಸಬೇಕಾದರೆ ವಾರ್ಡಿನ ಕಚೇರಿಯ ಅನುಮತಿ ಬೇಕು, ಅನುಮತಿ ಕೇಳಿದರೆ ಯಾಕೆಂದು ಕೇಳುತ್ತಾರೆ. ಪ್ರತಿ ಶನಿವಾರ ಹನ್ನೊಂದಕ್ಕೆ, ತನ್ನದಲ್ಲದ ಒಂದು ಫೋನಿನಿಂದ, ಐದು ನಿಮಿಷ ಮಾತಾಡುತ್ತಾರೆ. ನಾನಾಗಿ ಕರೆ ಮಾಡುವಂತಿಲ್ಲ. ವಿದೇಶಿ ಹೆಂಗಸಿಗೆ ದುಭಾಷಿಯಾಗಿದ್ದವರು ಯಾರೆಂದು ಅಲ್ಲಿನ ಸೇನೆಯವರಿಗೆ ಇನ್ನೂ ಗೊತ್ತಿಲ್ಲ. ಗ್ರಂಥದ ಮುನ್ನುಡಿಯಲ್ಲಿ 'ನನ್ನ ದುಭಾಷಿಗೆ ಋಣಿ' ಎಂದಷ್ಟೇ ಬರೆದಿದ್ದೆ.

ಮಾಸ್ತರರ ಸುದ್ದಿ ಬಂದ ದಿನ ನಾನು ದುಭಾಷಿಗೆ ಒಂದು ಪ್ರಶ್ನೆ ಕೇಳಿದ್ದೆ: ನನ್ನ ಪುಸ್ತಕದಲ್ಲಿ ಮಾಸ್ತರರ ಹೆಸರು ಎಲ್ಲಾದರೂ ಉಳಿದಿತ್ತೇ? ಇಲ್ಲ, ಹೆಸರು ಇರಲಿಲ್ಲ ಎಂದರು. ಆ ಉತ್ತರ ಹಿಡಿದುಕೊಂಡು ನಾನು ಇಷ್ಟು ವರ್ಷ ನಿದ್ದೆ ಮಾಡಿದೆ.

ವಿದ್ಯಾರ್ಥಿನಿಯ ವಿಷಯಕ್ಕೆ ಬರುತ್ತೇನೆ. ಅವಳು ವಾಮದಪದವಿನವಳು, ಮನೆಯಲ್ಲಿ ರಬ್ಬರು, ಸ್ವಲ್ಪ ಗದ್ದೆ. ನನ್ನ ತರಗತಿಯಲ್ಲಿ ಮೊದಲ ಬೆಂಚಿನಲ್ಲಿ ಕೂತು ನನ್ನನ್ನೇ ಪ್ರಶ್ನೆ ಕೇಳಿ ಸುಸ್ತು ಮಾಡುತ್ತಿದ್ದವಳು. ನನ್ನ ಟಿಪ್ಪಣಿ ಪುಸ್ತಕಗಳನ್ನು ಸ್ಕ್ಯಾನ್ ಮಾಡಿ ತನ್ನ ಕಾಲೇಜಿನ ಗ್ರಂಥಾಲಯದ ಜಾಲತಾಣದಲ್ಲಿ ಸಂಶೋಧಕರಿಗೆ ಸಿಗುವಂತೆ ಮಾಡಬೇಕೆಂದು ಎರಡು ವರ್ಷದಿಂದ ದುಡಿಯುತ್ತಿದ್ದಾಳೆ. ನಾನು ಹಾಕಿದ್ದು ಒಂದೇ ಷರತ್ತು: ಒಂದು ಹೆಸರೂ ಕಾಣಬಾರದು. ಸೋಮವಾರ ಎಲ್ಲವನ್ನೂ ತೆರೆಯುವುದೆಂದು ನಿಗದಿಯಾಗಿತ್ತು. ಅದಕ್ಕೆ ಮುಂಚೆ ನಾನೊಮ್ಮೆ ನೋಡಿ ಒಪ್ಪಿಗೆ ಕೊಡಬೇಕಿತ್ತು. ಆ ಶನಿವಾರದ ಕೆಲಸ ಅದು.

ಕೆಲಸ ಚೊಕ್ಕವಾಗಿತ್ತು. ಹೆಸರು ಬಂದಲ್ಲೆಲ್ಲ ಕಪ್ಪು ಪಟ್ಟಿ. ತಾರೀಖು, ಗಂಟೆ, ಹಾಜರಿದ್ದವರು ಎಂಬ ತಲೆಬರಹದ ಕೆಳಗೆ ಸಾಲು ಸಾಲು ಕಪ್ಪು ಪಟ್ಟಿಗಳು. ಮೊದಲ ಪುಸ್ತಕ ಮುಗಿಸಿ ಎರಡನೆಯದಕ್ಕೆ ಬಂದೆವು. ಮಾಸ್ತರರ ಪುಟ ತೆರೆದಳು. ಇಪ್ಪತ್ತು ವರ್ಷದ ಹಿಂದಿನ ನನ್ನ ಅಕ್ಷರವನ್ನು ಪರದೆಯ ಮೇಲೆ, ಬೇರೆ ಯಾರೋ ಬರೆದದ್ದನ್ನು ಓದುವ ಹಾಗೆ ಓದಿದೆ. ಹೆಸರಿನ ಜಾಗದಲ್ಲಿ ಕಪ್ಪು. ಅದರ ಮುಂದೆ: ಮನೆ ಅಕ್ಕಿ ಗಿರಣಿಯ ಎದುರು, ಮೂರು ಮೆಟ್ಟಿಲು ಹತ್ತಬೇಕು, ಪಕ್ಕದಲ್ಲಿ ಮುಚ್ಚಿದ ಟೈಲರ್ ಅಂಗಡಿ, ತಂದೆ ದೋಣಿ ಕಟ್ಟುತ್ತಿದ್ದವರು, ಅಕ್ಕನನ್ನು ಕೊಟ್ಟದ್ದು ಹೊಳೆಯ ಆಚೆ, ಉಪ್ಪಿನ ವ್ಯಾಪಾರಿಗೆ.

ಇದು ನಮ್ಮ ಕಡೆಯವರ ರೀತಿ. ನಮ್ಮಲ್ಲಿ ಹೆಸರು ಕೇಳಿ ಯಾರೂ ಸುಮ್ಮನಾಗುವುದಿಲ್ಲ. ಬಸ್ಸಿನಲ್ಲಿ ಪಕ್ಕ ಕೂತವರೂ ಮೊದಲು ಕೇಳುವುದು 'ಇಲ್ಲ್ ಓಲು?', ಮನೆ ಎಲ್ಲಿ? ಯಾರ ಮಗಳು, ತಾಯಿಯ ಮನೆ ಎಲ್ಲಾಯಿತು, ಅಕ್ಕನನ್ನು ಎಲ್ಲಿಗೆ ಕೊಟ್ಟದ್ದು. ಅದು ಸಿಕ್ಕಿದ ಮೇಲೆಯೇ ಮನುಷ್ಯ ಯಾರೆಂದು ತಿಳಿದ ಹಾಗೆ. ಒಂದೇ ಹೆಸರಿನ ಹತ್ತು ಜನ ಇದ್ದಾರು. ಒಂದೇ ಮನೆಯಲ್ಲಿ ಆ ಹೆಸರಿನ ಹತ್ತು ಜನ ಇರುವುದಿಲ್ಲ. ನಾನು ಹೊರದೇಶಕ್ಕೆ ಹೋಗಿಯೂ ಅದನ್ನೇ ಕೇಳಿದೆ, ಅದನ್ನೇ ಬರೆದೆ. ಗ್ರಂಥ ಅಚ್ಚಾಗುವಾಗ ನಿಯಮದಂತೆ ಹೆಸರು ಬದಲಿಸಿದೆ. ಮನೆ ಬದಲಿಸಬೇಕೆಂದು ಹೊಳೆಯಲೇ ಇಲ್ಲ. 'ಎಷ್ಟು ಜೀವಂತ ವಿವರ' ಎಂದು ಗ್ರಂಥದ ವಿಮರ್ಶಕರು ಹೊಗಳಿದ್ದು ಈ ವಾಕ್ಯಗಳನ್ನೇ.

ನಾನು ಓದುವುದನ್ನು ನಿಲ್ಲಿಸಿದ್ದು ನೋಡಿ ಅವಳು, ಎಂತಾಯ್ತು ಮೇಡಂ, ಎಲ್ಲಿಯಾದರೂ ಹೆಸರು ಬಿಟ್ಟುಹೋಗಿದೆಯಾ ಎಂದು ಕೇಳಿದಳು. ವಿವರಿಸುವುದಕ್ಕಿಂತ ಪರೀಕ್ಷೆ ಮಾಡುವುದು ವಾಸಿ ಎನಿಸಿತು.

"ಒಬ್ಬರ ಬಗ್ಗೆ ಹೇಳ್ತೇನೆ, ಹೆಸರು ಹೇಳುವುದಿಲ್ಲ," ಎಂದೆ. "ವಾಮದಪದವು ಪೇಟೆಯಿಂದ ಕೆಳಗೆ ಇಳಿಯುವ ದಾರಿ. ಹಾಲಿನ ಸೊಸೈಟಿ ಕಳೆದು ಎರಡನೇ ಮನೆ. ಅಂಗಳದಲ್ಲಿ ಓಡದ ಒಂದು ಜೀಪು ಉಂಟು. ತಂದೆ ಪೋಸ್ಟ್‌ಮ್ಯಾನ್ ಆಗಿದ್ದರು."

ಅವಳು ನಕ್ಕಳು. "ನಮ್ಮ ಸಣ್ಣ ಮಾವ ಅಲ್ವಾ? ಆ ಜೀಪನ್ನು ಗುಜರಿಗೆ ಕೊಡಿ ಅಂತ ಅತ್ತೆ ದಿನಾ ಬೈತಾರೆ. ನಿಮಗೆ ಹೇಗೆ ಗೊತ್ತು ಅವರನ್ನು?"

"ನಿನ್ನ ಮದುವೆಗೆ ಬಂದಾಗ ನೋಡಿದ್ದು. ನಿನಗೆ ಯಾವಾಗ ಗೊತ್ತಾಯ್ತು, ಮಾವ ಅಂತ?"

"ಸೊಸೈಟಿ ಹೇಳುವಾಗಲೇ," ಎಂದಳು. ಹೇಳಿ ಮುಗಿಸುವಷ್ಟರಲ್ಲಿ ಪರದೆಯ ಕಡೆ ತಿರುಗಿದಳು. ಆಮೇಲೆ ನಗಲಿಲ್ಲ.

ನಾನು ಕಪಾಟಿನಿಂದ ಅಚ್ಚಾದ ಗ್ರಂಥ ತೆಗೆದೆ. ಮೂರನೆಯ ಅಧ್ಯಾಯ, ಮೊದಲ ಪುಟ. ಅಕ್ಕಿ ಗಿರಣಿ, ಮೂರು ಮೆಟ್ಟಿಲು, ಟೈಲರ್ ಅಂಗಡಿ, ದೋಣಿ ಕಟ್ಟುವ ತಂದೆ. ಎಲ್ಲವೂ ಇತ್ತು, ಇಂಗ್ಲಿಷಿನಲ್ಲಿ, ಒಳ್ಳೆಯ ಕಾಗದದ ಮೇಲೆ.

ಹನ್ನೊಂದಕ್ಕೆ ಸರಿಯಾಗಿ ಫೋನು ಬಂತು. ಕುಶಲ ಕೇಳಲಿಲ್ಲ. ಮಾಸ್ತರರನ್ನು ಕರೆದೊಯ್ಯಲು ಬಂದವರ ಕೈಯಲ್ಲಿ ನನ್ನ ಪುಸ್ತಕ ಇತ್ತೇ ಎಂದು ದುಭಾಷಿಯನ್ನು ನೇರವಾಗಿ ಕೇಳಿದೆ.

"ಪುಸ್ತಕ ಇರಲಿಲ್ಲ," ಎಂದರು. "ಒಂದು ಪುಟದ ನಕಲು ಇತ್ತು. ಕೆಲವು ಸಾಲುಗಳ ಕೆಳಗೆ ಗೆರೆ ಎಳೆದಿತ್ತು. ಗಿರಣಿಯ ಹತ್ತಿರ ಇಳಿದು ಅದನ್ನು ನೋಡಿಕೊಂಡೇ ದಾರಿ ಕೇಳಿದರಂತೆ."

ಇಷ್ಟು ವರ್ಷ ಯಾಕೆ ಹೇಳಲಿಲ್ಲ ಎಂದು ಕೇಳಿದೆ.

"ಹೆಸರು ಇತ್ತೇ ಎಂದು ಕೇಳಿದಿರಿ. ಹೆಸರು ಇರಲಿಲ್ಲ. ಅದಕ್ಕಿಂತ ಹೆಚ್ಚು ಹೇಳಿ ನಿಮಗೆ ಮಾಡುವುದೇನಿತ್ತು?"

ಐದು ನಿಮಿಷದಲ್ಲಿ ಎರಡು ಮುಗಿದಿದ್ದವು. ಸ್ಕ್ಯಾನ್ ಮಾಡಿದ ಸಂಗತಿ ಹೇಳಿದೆ. ಟಿಪ್ಪಣಿ ಪುಸ್ತಕಗಳಲ್ಲಿ ತನ್ನ ಮನೆ ಎಲ್ಲಿಯಾದರೂ ಬಂದಿದೆಯೇ ಎಂದು ಕೇಳಿದರು. ಹದಿನಾಲ್ಕರಲ್ಲೂ ಬಂದಿದೆ ಎಂದೆ. ಪ್ರತಿ ಪುಸ್ತಕದ ಮೊದಲ ಪುಟದಲ್ಲಿ, ನಾನು ಉಳಿದುಕೊಂಡ ಮನೆ ಎಂದು, ನೀರಿನ ಟ್ಯಾಂಕಿನಿಂದ ಎಷ್ಟು ಹೆಜ್ಜೆ ಎಂಬ ಲೆಕ್ಕದ ಸಮೇತ. ಅದೆಲ್ಲ ಇನ್ನೂ ನಿಮ್ಮ ಕೈಯಲ್ಲಿಯೇ ಇದೆಯೋ, ಹೊರಗೆ ಹೋಗಿದೆಯೋ ಎಂದು ಕೇಳಿದರು. ನನ್ನ ಕೈಯಲ್ಲಿಯೇ ಇದೆ ಎಂದೆ. ಎದುರಿಗೆ ಕೂತ ನನ್ನ ವಿದ್ಯಾರ್ಥಿನಿ ಇಲ್ಲ ಎಂಬಂತೆ ತಲೆ ಅಲ್ಲಾಡಿಸಿದಳು. ಅಷ್ಟರಲ್ಲಿ ಕರೆ ಮುಗಿದಿತ್ತು.

ಗುರುವಾರವೇ, ಎಲ್ಲ ಸರಿಯಾಗಿ ಕಾಣುತ್ತದೆಯೇ ಎಂದು ನೋಡಲು, ಗ್ರಂಥಾಲಯದವರು ಮೊದಲ ಎರಡು ಪುಸ್ತಕಗಳನ್ನು ಜಾಲತಾಣಕ್ಕೆ ಏರಿಸಿದ್ದರು. ಯಾರು ಬೇಕಾದರೂ ತೆರೆಯಬಹುದಿತ್ತು. ಅದನ್ನು ತೆಗೆಯುವ ಅಧಿಕಾರ ಅವಳಿಗಿರಲಿಲ್ಲ. ಗ್ರಂಥಾಲಯದ ಕಂಪ್ಯೂಟರ್ ನೋಡಿಕೊಳ್ಳುವ ಒಬ್ಬರಿಗೆ ಮಾತ್ರ ಇತ್ತು. ಎರಡನೇ ಶನಿವಾರ ಗ್ರಂಥಾಲಯಕ್ಕೆ ರಜೆ. ಅವರ ಫೋನು ಎತ್ತುವವರಿಲ್ಲ. ಅವರ ಮನೆಗೆ ಮಾಡಿದಾಗ, ಮೆಲ್ಕಾರಿನ ಮದುವೆ ಹಾಲ್‌ನಲ್ಲಿ ತಂಗಿಯ ಮಗಳ ಮದುವೆ, ಎಲ್ಲರೂ ಅಲ್ಲಿಯೇ ಎಂಬ ಉತ್ತರ ಬಂತು.

"ಹೋಗುವ," ಎಂದೆ.

ಹನ್ನೊಂದು ನಲವತ್ತರ ಬಸ್ಸು ಹಿಡಿದೆವು. ಸಿದ್ದಕಟ್ಟೆ ದಾಟಿದ ಮೇಲೆ ಅವಳೇ ಮಾತು ಶುರುಮಾಡಿದಳು. ಮನೆಯ ವಿವರಕ್ಕೂ ಪಟ್ಟಿ ಹಾಕುತ್ತೇನೆ, ಇನ್ನೊಂದು ವರ್ಷ ಆದರೂ ಸರಿ ಎಂದಳು. ಪಟ್ಟಿ ಹಾಕಿದ ಮೇಲೆ ಏನು ಉಳಿಯುತ್ತದೆ ಎಂದು ಕೇಳಿದೆ. ಅವರು ಹೇಳಿದ ಮಾತು ಉಳಿಯುತ್ತದಲ್ಲ ಎಂದಳು. ಮಾಸ್ತರರು ಯಾವ ಶಾಲೆಯಲ್ಲಿ ಯಾರಿಗೆ ಮಡಚಲು ಕಲಿಸಿದರು ಎಂಬುದು ಅವರ ಮಾತೇ. ಅದನ್ನು ಅಳಿಸಿದರೆ ಮಾತಿಲ್ಲ, ಉಳಿಸಿದರೆ ಮನೆ ಸಿಗುತ್ತದೆ. ಇದನ್ನು ಹೇಳಿದಾಗ ಅವಳು ಕಿಟಕಿಯ ಕಡೆ ಮುಖ ಮಾಡಿದಳು.

"ನಿಮ್ಮ ಪುಸ್ತಕ ಬಂತು, ಪ್ರಮೋಷನ್ ಆಯ್ತು," ಎಂದಳು. "ನನ್ನ ಎರಡು ವರ್ಷ ಮಾತ್ರ ನೀರಿಗೆ ಹೋಯ್ತು."

ಹೌದು ಎಂದೆ.

ಬಿ.ಸಿ. ರೋಡಿನಲ್ಲಿ ಬಸ್ಸು ಬದಲಿಸಿ ಮೆಲ್ಕಾರ್ ತಲುಪುವಾಗ ಒಂದು ಇಪ್ಪತ್ತು. ಹಾಲ್‌ನಲ್ಲಿ ಊಟದ ಎರಡನೆಯ ಸರದಿ ನಡೆಯುತ್ತಿತ್ತು. ನಾವು ಹುಡುಕಿದವರು ಬಿಳಿ ಅಂಗಿಯ ತೋಳು ಮಡಚಿಕೊಂಡು ಬಿರಿಯಾನಿ ಬಡಿಸುತ್ತಿದ್ದರು. ನಮ್ಮನ್ನು ಕಂಡದ್ದೇ ಮದುವೆಗೆ ಬಂದವರೆಂದು ತಿಳಿದು ಕುರ್ಚಿ ಎಳೆದರು. ಕರೆಯದೆ ಬಂದಿದ್ದೇವೆ, ಒಂದು ಅವಸರದ ಕೆಲಸ ಎಂದೆ. "ಕರೆಯದೆ ಬಂದವರಿಗೆ ಮೊದಲು ಊಟ, ಆಮೇಲೆ ಕೆಲಸ ಟೀಚರೇ," ಎಂದರು. ನಾನು ಒಬ್ಬರ ಜೀವದ ವಿಷಯ ಎಂದೆ. ಅವರು ಬಡಿಸುವ ಪಾತ್ರೆಯನ್ನು ಇನ್ನೊಬ್ಬರ ಕೈಗೆ ಕೊಟ್ಟು, ಕೈ ತೊಳೆದು, ನಮ್ಮನ್ನು ಹಿಂಬದಿಯ ಉಗ್ರಾಣಕ್ಕೆ ಕರೆದುಕೊಂಡು ಹೋದರು.

ಅಕ್ಕಿ ಮೂಟೆಗಳ ಮೇಲೆ ಕೂತು, ಫೋನಿನಿಂದಲೇ ಒಳಗೆ ಹೋಗಿ, ಒಂದೊಂದಾಗಿ ತೆಗೆದರು. ಏಳು ನಿಮಿಷ ಹಿಡಿಯಿತು. ಕೊನೆಯಲ್ಲಿ, ಯಾರಾದರೂ ಇದನ್ನು ತೆರೆದು ನೋಡಿದ್ದಾರೆಯೇ ಎಂದು ಕೇಳಿದೆ.

"ಎರಡನೇ ಪುಸ್ತಕ ಮೂರು ಸಲ ತೆರೆದದ್ದು ಉಂಟು," ಎಂದರು. "ಒಂದು ನಾನು. ಒಂದು ಇವರು." ಅವಳ ಕಡೆ ನೋಡಿದರು. "ಮತ್ತೊಂದು ನಿನ್ನೆ ಸಂಜೆ. ಯಾರು ಅಂತ ಇದರಲ್ಲಿ ಬರುವುದಿಲ್ಲ."

ನಮ್ಮ ಕಾಲೇಜಿನವರೇ ಯಾರಾದರೂ ಇರಬಹುದು ಎಂದಳು ಅವಳು. ಇರಬಹುದು ಎಂದರು ಅವರು. ಇಬ್ಬರೂ ನನ್ನ ಮುಖ ನೋಡಲಿಲ್ಲ. ಅಷ್ಟರ ಮೇಲೆ ಊಟ ಮಾಡದೆ ಬಿಡಲಿಲ್ಲ. ತಟ್ಟೆಯಲ್ಲಿ ಬಡಿಸಿದ್ದನ್ನು ಬಿಡಬಾರದೆಂದು ಬೋರ್ಡಿಂಗಿನಲ್ಲಿ ಕಲಿತವಳು, ಪೂರ್ತಿ ತಿಂದೆ. ಏನು ತಿಂದೆನೆಂದು ಗೊತ್ತಾಗಲಿಲ್ಲ.

ನಾಲ್ಕಕ್ಕೆ ಮೂಡುಬಿದಿರೆಯ ಮನೆಯಲ್ಲಿದ್ದೆವು. ಅವಳು ಮೊದಲು ಲ್ಯಾಪ್‌ಟಾಪಿನಲ್ಲಿದ್ದ ಪ್ರತಿಗಳನ್ನು ಅಳಿಸಿದಳು, ಆಮೇಲೆ ಪೆನ್‌ಡ್ರೈವ್. ನನಗೆ ತೋರಿಸಿ ಅಳಿಸಿದಳು, ತೋರಿಸು ಎಂದು ನಾನು ಕೇಳಿರಲಿಲ್ಲ. ನಾನು ಟಿಪ್ಪಣಿ ಪುಸ್ತಕಗಳ ರಟ್ಟು ಕಿತ್ತೆ. ಸುಟ್ಟರೆ ಅರೆಬೆಂದ ಹಾಳೆ ಗಾಳಿಗೆ ಹಾರುತ್ತದೆ; ಗುಜರಿಗೆ ಕೊಟ್ಟರೆ ಕಡಲೆ ಕಟ್ಟಲು ಹೋಗುತ್ತದೆ. ಬಾಲ್‌ಪೆನ್ನಿನ ಶಾಯಿ ಬರೀ ನೀರಿಗೆ ಹೋಗುವುದಿಲ್ಲ. ಹಾಳೆಗಳನ್ನು ಹರಿದು ಬಿಸಿನೀರಿನ ಬಕೆಟಿನಲ್ಲಿ ನೆನೆಸಿ, ಇಡ್ಲಿ ಹಿಟ್ಟಿನ ಗ್ರೈಂಡರಿಗೆ ಹಾಕಿದೆವು. ಅವಳು ಹರಿಯುವುದು, ನಾನು ರುಬ್ಬುವುದು. ಬೂದು ಬಣ್ಣದ ಹಿಟ್ಟು ಬಂತು.

ಎರಡನೆಯ ಪುಸ್ತಕದ ಸರದಿ ಬಂದಾಗ ಅವಳು ಕೈ ತಡೆದಳು. ಮಾಸ್ತರರ ಒಂದು ಹಾಳೆ ಇರಲಿ ಮೇಡಂ, ಅವರ ಮನೆಯವರಿಗೆ ಎಂದಾದರೂ ಕೊಡಬಹುದು ಎಂದಳು. ಆ ಪುಟದಲ್ಲಿ ಮತಪತ್ರ ಮಡಚುವ ಚಿತ್ರವೂ ಇತ್ತು. ಮಾಸ್ತರರೇ ಬರೆದದ್ದು, ನನ್ನ ಪೆನ್ನು ತೆಗೆದುಕೊಂಡು. ಅದೇ ಹಾಳೆಯ ಬೆನ್ನಿಗೆ ದುಭಾಷಿಯ ಮನೆಗೆ ಹೋಗುವ ದಾರಿ, ನಾನು ಬರೆದದ್ದು. ನಾನು ಹಾಳೆಯನ್ನು ಅವಳ ಕೈಯಿಂದ ತೆಗೆದುಕೊಂಡೆ. ಎರಡು ಬದಿಯನ್ನೂ ಅವಳಿಗೆ ತೋರಿಸಿದೆ. ಅವಳೇ ಅದನ್ನು ವಾಪಸು ತೆಗೆದುಕೊಂಡು ಹರಿದಳು.

ಆರೂವರೆಗೆ ಹದಿನಾಲ್ಕೂ ಮುಗಿದವು. ನಿನ್ನೆ ಸಂಜೆ ತೆರೆದು ನೋಡಿದವರು ಯಾರೆಂದು ನನಗೆ ತಿಳಿಯುವುದಿಲ್ಲ. ಆ ಸಂಗತಿಯನ್ನು ದುಭಾಷಿಗೆ ಹೇಳಲು ಇನ್ನು ಏಳು ದಿನ ಕಾಯಬೇಕು. ನನ್ನ ಕೈಯಲ್ಲಿಯೇ ಇದೆ ಎಂದು ನಾನು ಹೇಳಿದ್ದನ್ನು ನಂಬಿ ಅವರು ಆ ಏಳು ದಿನ ಅದೇ ಮನೆಯಲ್ಲಿರುತ್ತಾರೆ. ಈ ಸಲ ಅವರು ಕೇಳುವವರೆಗೆ ಕಾಯುವುದಿಲ್ಲ. ಫೋನು ಎತ್ತಿದ ಕೂಡಲೇ ಹೇಳುತ್ತೇನೆ. ಅವರು ಕರೆ ಮಾಡಿದರೆ.

ಉಳಿದದ್ದು ಒಂದು ಕೆಲಸ. ಪ್ರಕಾಶಕರಿಗೆ ಪತ್ರ ಬರೆಯಲು ಕೂತೆ. ಗ್ರಂಥದ ಮಾರಾಟ ನಿಲ್ಲಿಸಬೇಕು, ಅಂತರ್ಜಾಲದಲ್ಲಿರುವ ಪ್ರತಿಯನ್ನು ತೆಗೆಯಬೇಕು, ಗ್ರಂಥಾಲಯಗಳಿಗೆ ತಿಳಿಸಬೇಕು. ಇಷ್ಟನ್ನು ಎರಡು ನಿಮಿಷದಲ್ಲಿ ಬರೆದೆ. ಕಾರಣ ಎಂಬಲ್ಲಿ ಕೈ ನಿಂತಿತು. ಬದಲಾದ ರಾಜಕೀಯ ಪರಿಸ್ಥಿತಿ ಎಂದು ಬರೆದೆ. ಅದು ನನ್ನ ಶಾಸ್ತ್ರದ ಭಾಷೆ. ಆ ಭಾಷೆಯಲ್ಲಿ ಯಾರೂ ಯಾರಿಗೂ ಏನೂ ಮಾಡಿರುವುದಿಲ್ಲ. ಅಳಿಸಿದೆ. ಲೇಖಕಿ ಬರೆದ ವಿವರದಿಂದ ಒಬ್ಬರು ಸತ್ತಿದ್ದಾರೆ, ಇನ್ನೊಬ್ಬರ ಜೀವಕ್ಕೆ ಅಪಾಯವಿದೆ ಎಂದು ಬರೆದೆ. ಅವಳು ಪಕ್ಕದಲ್ಲಿ ನಿಂತು ಓದಿದಳು. ಒಂದು ಅಲ್ಪವಿರಾಮ ತಿದ್ದಿದಳು. ಏಳು ಹತ್ತಕ್ಕೆ ಕಳುಹಿಸಿದೆ.